ಮಂತ್ರದ ನೀರಿಗೂ ಪಾಳಿ

ಭಾನುವಾರ ಬಂತೆಂದರೆ ಬಳ್ಳಾರಿಯ ನಮ್ಮ ಮನೆಯಲ್ಲಿ ನಾಲ್ವರು ಗೆಳೆಯರು ಸೇರಿ ದಾಳ ಉರುಳಿಸುತ್ತಾ ಕಥೆಯಾಟ ಆಡುತ್ತಾರೆ. ಅವರು ವೀರರು; ಅವರು ಅಲೆಯುವ ರಾಜ್ಯ ಕಟ್ಟಿಕೊಡುವುದು ನನ್ನ ಪಾಲು. ಹಿಂದಿನ ರಾಜ್ಯದಲ್ಲಿ ಪ್ರತಿ ಕಷ್ಟಕ್ಕೂ ಒಂದು ಮಂತ್ರವಿತ್ತು, ಎಲ್ಲರಿಗೂ ಬೇಜಾರಾಯಿತು. ಹಾಗಾಗಿ ಈ ಸಲ ಇಡೀ ರಾಜ್ಯಕ್ಕೆ ಒಂದೇ ಮಂತ್ರ ಇಟ್ಟೆ, ನೀರು ಹರಿಸುವುದು.

ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೊರಟ ಬಸ್ಸಿನಲ್ಲಿ ಅದರ ನಕ್ಷೆ ಬಿಡಿಸುತ್ತಿದ್ದೆ. ಕುರುಗೋಡಿನಲ್ಲಿ ಹತ್ತಿ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ನನ್ನ ನೀಲಿ ಗೆರೆಯನ್ನೇ ನೋಡಿದರು.

“ಹೊಸ ಕಾಲುವಿ ಏನ್ರಿ ಸಾಹೇಬ್ರ?”

“ಅಲ್ರಿ ಯಜಮಾನ್ರ, ಆಟದ್ದು. ಇಲ್ಲದ ರಾಜ್ಯ.”

“ಇರ್ಲಿ. ನೀರು ಯಾವಾಗ ಬಿಡ್ತೀರಿ?”

ನಾಚಿಕೊಂಡೇ ಹೇಳಿದೆ. “ಹುಣ್ಣಿಮಿಗೊಮ್ಮಿ, ಮಂತ್ರವಾದಿ ಮಂತ್ರ ಹೇಳಿದಾಗ.”

ಅವರು ನಗಲಿಲ್ಲ. “ಅವ ಯಾವ ಊರಿನವ?”

“ಗುಡ್ಡದ ಬುಡದಾಗಿನವ.”

“ಅಂದ್ರ ಮೇಲಿನ ಊರಿನವ. ನಮ್ದು ಹಚ್ಚೊಳ್ಳಿ ಕಡಿ, ಕಾಲುವಿ ಕೊನಿಗೆ. ಅವ ಎಂಥಾ ಮಂತ್ರ ಹಾಕಿದ್ರೂ ಮೇಲಿನವ್ರ ಗದ್ದಿ ತುಂಬಿದ ಮ್ಯಾಲೇ ನಮ್ಗ. ಪಾಳಿ ಹಚ್ರಿ, ಗೇಟಿಗೆ ಒಬ್ಬನ್ನ ಕೂಡಸ್ರಿ.”

ನನ್ನ ಪೆನ್ಸಿಲ್ ಇಸಿದುಕೊಂಡು ನೀಲಿ ಗೆರೆಯ ತುದಿಯಲ್ಲಿ ಒಂದು ಚುಕ್ಕೆ ಇಟ್ಟರು. “ಇದು ನಮ್ಮೂರು. ಮರೀಬ್ಯಾಡ್ರಿ.”

ಮರೆಯಲಿಲ್ಲ. ಕಾಲುವೆಗೊಂದು ಗೇಟು, ಊರಿಗೊಂದು ಪಾಳಿ ಇಟ್ಟೆ. ಭಾನುವಾರ ನನ್ನ ವೀರರು ಆ ಗೇಟಿನ ಹತ್ತಿರ ಬಂದವರು, ಯಾರ ಪಾಳಿ ಮೊದಲೆಂದು ಜಗಳಕ್ಕೆ ಬಿದ್ದರು. ನಾಲ್ಕು ವಾರವಾಯಿತು, ಇನ್ನೂ ಅಲ್ಲಿಂದ ಕದಲಿಲ್ಲ. ಗುಹೆಯಲ್ಲಿ ನಾನು ಕೂರಿಸಿದ ಏಳು ತಲೆಯ ರಾಕ್ಷಸನನ್ನು ಕೇಳುವವರೇ ಇಲ್ಲ. ಅವನನ್ನೂ ಪಾಳಿಗೆ ನಿಲ್ಲಿಸೋಣವೆಂದರೆ, ತಲೆಗೊಂದು ಪಾಳಿ ಕೇಳಿಯಾನು ಎಂಬ ಹೆದರಿಕೆ.