ಕೆರೆಯೋ ಕೆರವೋ

ಆ ದಿನ ನೆನೆದರೆ ಈಗಲೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಅಯ್ಯೋ ಪಾಪ ಅನ್ನಬೇಕು, ಬಾಯಿಗೆ ಬರುವುದಿಲ್ಲ.

ಮಗಳು ಅಳಿಯ ಇಬ್ಬರೂ ಅಟ್ಲಾಂಟಾದಲ್ಲಿ ಡಾಕ್ಟರು. ಮೂರು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು ನಾನು ಹೋಗಿದ್ದೆ. ಅಳಿಯನ ತಾಯಿ, ನನ್ನ ಬೀಗಿತ್ತಿಯೂ ಬಂದಿದ್ದರು. ಚಿಕ್ಕ ಮನೆ, ಚಳಿಗಾಲಕ್ಕೆ ಒಬ್ಬರೇ ಉಳಿಯಬೇಕು. ಕೂಸು ‘ಅಜ್ಜಿ’ ಅನ್ನುವುದೊಂದು ಬಿಟ್ಟರೆ ಬರೀ ಇಂಗ್ಲಿಷು. “ಯಾರು ಅವಳ ಕೈಲಿ ಕನ್ನಡ ಆಡಿಸ್ತಾರೋ ಅವರೇ ಇರಲಿ” ಎಂದಿದ್ದ ಅಳಿಯ. ನಗುತ್ತಲೇ ಅಂದ, ಆದರೆ ನನ್ನ ನಿದ್ದೆ ಹಾರಿಹೋಯಿತು. ಆ ಕೂಸು ನಕ್ಕರೆ ನನಗೆ ಊಟವೇ ಬೇಡ!

ಬೀಗಿತ್ತಿ ಬಿ.ಎ. ಓದಿದಾಕೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಎದ್ದುಬಂದವಳು.

ಒಂದು ಶನಿವಾರ ಬೆಟ್ಟದ ಕಡೆಗೆ ಹೊರಟೆವು. ಕೂಸಿಗೆ “ಕೆರ ಹಾಕ್ಕೋ ಬಂಗಾರ” ಅಂದೆ.

“ಛೀ, ಕೆರ ಅಂತಾರೇನ್ರೀ? ಚಪ್ಪಲಿ ಅನ್ನಿ. ಈ ಸಂತೆ ಭಾಷೆ ಮಗೂಗೆ ಬೇಡ. ನೀವು ಸುಮ್ನೆ ಊರಿಗೆ ಹೊರಡಿ” ಎಂದರು ಬೀಗಿತ್ತಿ.

ಮಗಳು ಕಿಟಕಿಯಾಚೆ ನೋಡಿದಳು. ನಾನು ಕೂಸಿಗೆ ಕೆರ ತೊಡಿಸಿ, ನನ್ನದೊಂದು ಹೆಚ್ಚಿನ ಜೊತೆ ಚೀಲಕ್ಕೆ ಹಾಕಿಕೊಂಡೆ.

ಹೋದ ಊರು ಕೆರೆಯ ದಂಡೆಯಲ್ಲಿತ್ತು. ಆಲ್ಪ್ಸ್ ಬೆಟ್ಟದ ಊರಿನ ವೇಷ ಹಾಕಿಕೊಂಡಿತ್ತು: ಚೂಪು ಸೂರು, ಕಿಟಕಿಗೆಲ್ಲ ಕೆಂಪು ಹೂವು. ನನಗೆ ಕಣ್ಣು ಸಾಲಲಿಲ್ಲ.

“ನಾನು ಒರಿಜಿನಲ್ ಸ್ವಿಟ್ಜರ್ಲ್ಯಾಂಡೇ ನೋಡಿದೀನಿ” ಎಂದರು ಬೀಗಿತ್ತಿ. “ಈ ಚಪ್ಪಲಿ ಅಲ್ಲಿಯದೇ. ಈ ಊರು ಡೂಪ್ಲಿಕೇಟು. ನಿಮಗೆ ಸಾಕು ಬಿಡಿ.”

ನೀರಿನ ಮೇಲೆ ಚಾಚಿದ್ದ ಹಲಗೆಯ ಮೇಲೆ ಕೂತು, ಆ ಚಪ್ಪಲಿ ಪಕ್ಕಕ್ಕೆ ಬಿಚ್ಚಿಟ್ಟು, ಅಲ್ಲಿನ ಬೆಟ್ಟ ಎಷ್ಟೆತ್ತರ ಎಂದು ಕೈ ಬೀಸಿದರು. ಒಂದು ಚಪ್ಪಲಿ ನೀರಿಗೆ ಬಿತ್ತು. ಮರದ ಅಟ್ಟೆ, ಮುಳುಗಲಿಲ್ಲ, ತೇಲಿತು. ಕಂಡದ್ದು ಕೂಸಿಗೆ ಮತ್ತು ನನಗೆ.

“ಅಜ್ಜೀ, ಕೆರ! ಕೆರ!”

ಬೀಗಿತ್ತಿ ಹಿಗ್ಗಿಹೋದರು. “ಕನ್ನಡ ಆಡ್ತು! ಕೆರೆ ಅನ್ನು ಪುಟ್ಟಿ, ಕೆ-ರೆ. ನಾನೇ ಹೇಳಿಕೊಟ್ಟಿದ್ದು ಕಣ್ರೀ!”

“ನೋ! ಕೆರ!” ಕೂಸು ಕಾಲು ಅಪ್ಪಳಿಸಿತು.

“ಎಷ್ಟು ಚೆನ್ನಾಗಿ ಹೇಳಿಕೊಡ್ತೀರಿ” ಅಂದೆ. “ಇನ್ನೊಂದ್ಸಲ ಹೇಳಿ.”

ಆಕೆ ಹೇಳಿಕೊಡುತ್ತಲೇ ಹೋದರು. ಚಪ್ಪಲಿ ಬಾತುಕೋಳಿಯ ಹಾಗೆ ನಡುನೀರಿಗೆ ಸಾಗಿತು. ಅಳಿಯ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಮ್ಮಾ, ಮಗು ಸರಿಯಾಗೇ ಹೇಳ್ತು. ನಿನಗೇ ಕನ್ನಡ ಬರ್ಲಿಲ್ಲ!”

ಕಾರಿನ ತನಕ ಕಾದ ಜಲ್ಲಿ. ಉಳಿದ ಒಂದು ಚಪ್ಪಲಿ ಕೈಲಿ ಹಿಡಿದು ಬೀಗಿತ್ತಿ ಬರಿಗಾಲಲ್ಲಿ ಕುಂಟಿದರು. ನನ್ನ ಚೀಲದಲ್ಲಿ ಇನ್ನೊಂದು ಜೊತೆ ಇದ್ದದ್ದು ಆಕೆಗೆ ಗೊತ್ತಿತ್ತು.

“ಸ್ವಲ್ಪ ನಿಮ್ಮ ಚಪ್ಪಲಿ ಕೊಡ್ತೀರಾ?”

“ನನ್ನ ಹತ್ರ ಚಪ್ಪಲಿ ಎಲ್ಲಿಂದ ಬರ್ಬೇಕು ಬೀಗರೇ? ಇರೋದು ಕೆರ.”

ನಾಲ್ಕು ಹೆಜ್ಜೆ ಕುಣಿದರು. “ಕೆರ ಕೊಡಿ.”

“ಗಾಳಿ ನೋಡಿ, ಕೇಳಿಸ್ಲಿಲ್ಲ.”

“ಕೆರ ಕೊಡಿ ಅಂದೆ!”

ಕೂಸು ಚಪ್ಪಾಳೆ ತಟ್ಟಿತು. ಮಗಳು ನಗು ಅದುಮಿಕೊಂಡು, “ಚಳಿಗಾಲಕ್ಕೆ ನೀನೇ ಇರಮ್ಮ” ಎಂದಳು.

ನನ್ನ ಕೆರ ಆಕೆಗೆ ದೊಡ್ಡದು. ಕಾರಿನ ತನಕ ಪಟಪಟ ಬಡಿಯಿತು. ಹಿಂದಿನಿಂದ ನಾನು, ನನ್ನ ಸೊಂಟದ ಮೇಲೆ ನನ್ನ ಬಂಗಾರ, ಒಂದೊಂದು ಹೆಜ್ಜೆಗೂ ಕೂಗುತ್ತಿತ್ತು: “ಕೆರ! ಕೆರ!”