ತೊಟ್ಟಿಲಮ್ಮ ತೊಳೆದುಹಾಕಿದ ಸುದ್ದಿ

“ನನ್ನ ಕೈಯಲ್ಲಿ ಒಂದೇ ಒಂದು ಜೀವಕೋಶ ಇವತ್ತಿನವರೆಗೆ ಕೊಳೆಯಲ್ಲಿ ಕೂತಿಲ್ಲ!”

ತೊಟ್ಟಿಲಮ್ಮ ಹೀಗೆಂದರೆ ಪ್ರಯೋಗಾಲಯದಲ್ಲಿ ಎದುರಾಡುವವರು ಇನ್ನೂ ಹುಟ್ಟಿರಲಿಲ್ಲ. ಆಕೆ ಒರೆಸಿದ ಮೇಜಿನ ಮೇಲೆ ಕೂತ ನೊಣ ಜಾರಿ ಬಿದ್ದು ಕಾಲು ಮುರಿದುಕೊಳ್ಳುತ್ತಿತ್ತು. ತೊಳೆದಿಟ್ಟ ಗಾಜಿನ ಬಾಟಲಿ ಕಣ್ಣಿಗೆ ಕಾಣದೆ, ಅದನ್ನು ತಡಕಾಡಿಯೇ ಹುಡುಕಬೇಕಿತ್ತು. ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯನ್ನು ಆಕೆ ತೊಟ್ಟಿಲು ಅನ್ನುತ್ತಿದ್ದುದರಿಂದ ಆ ಹೆಸರು ಬಂದಿತ್ತು. ತಟ್ಟೆಗಳಲ್ಲಿ ಬೆಳೆಯುವ ಕೋಶಗಳಿಗೆ ಗುಲಾಬಿ ಬಣ್ಣದ ಪೋಷಕದ್ರವ ಬದಲಿಸುವುದು ಆಕೆಯ ಕೆಲಸ. ಜೊತೆಗೆ “ಕುಡೀರಪ್ಪಾ, ಅಳಬೇಡಿ” ಎಂಬ ಮುದ್ದು ಬೇರೆ.

ಒಮ್ಮೆ ಆ ತೊಟ್ಟಿಲಿಗೆ ಆಕೆಯ ಮೊಮ್ಮಗಳೇ ಬಂದಳು. ಅಂದರೆ, ಹುಡುಗಿಯ ತೋಳಿನಿಂದ ತೆಗೆದ ಎಳ್ಳಿನಷ್ಟು ಚರ್ಮದಿಂದ ಬೆಳೆಸಿದ ಕೋಶಗಳು. ಆ ಮಗುವಿಗೆ ಒಂದು ಜ್ವರ ಚಪ್ಪಲಿ ಮೆಟ್ಟುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತಿತ್ತು. ವೈರಸ್ ನುಗ್ಗಿದಾಗ ಏಳಬೇಕಾದ ಜೀನ್‌ಗಳು ಇವಳಲ್ಲಿ ಏಳುವುದೇ ಇಲ್ಲವೇನೋ ಎಂಬುದು ವೈದ್ಯರ ಅನುಮಾನ. ಅದು ನಿಜವಾದರೆ ಹುಡುಗಿಗೆ ಬದುಕಿಡೀ ಆಸ್ಪತ್ರೆಯೇ ಗತಿ.

ಒಂದು ತಟ್ಟೆ ಮೊಮ್ಮಗಳದು, ಇನ್ನೊಂದು ಆರೋಗ್ಯವಂತರೊಬ್ಬರದು. ಎರಡಕ್ಕೂ ಒಂದಿಷ್ಟು ವೈರಸ್ ಬಿಟ್ಟು ತೊಟ್ಟಿಲಲ್ಲಿಟ್ಟರು. ತೆಗೆದು ನೋಡಿದರೆ ಆರೋಗ್ಯವಂತರ ಕೋಶಗಳು ಗಟ್ಟಿಯಾಗಿ ಕೂತಿದ್ದವು. ಮೊಮ್ಮಗಳವು ತರಗೆಲೆಯಂತೆ ಉದುರಿ ತೇಲುತ್ತಿದ್ದವು.

ಪ್ರಯೋಗಾಲಯದ ಮುಖ್ಯಸ್ಥೆ ಮೆಲ್ಲಗೆ, “ಕೂತ್ಕೊಳ್ಳಿ ತೊಟ್ಟಿಲಮ್ಮ” ಅಂದರು.

ಆಕೆ ಕೂರಲಿಲ್ಲ, ಸಿಡಿದಳು. “ಹೇಗೆ ಸಾಯ್ತವೆ ಮೇಡಂ? ಆ ಇನ್ನೊಂದು ತಟ್ಟೆ ಕಡೆ ನಾನು ತಿರುಗಿಯೂ ನೋಡಿಲ್ಲ. ನನ್ನ ಕೂಸಿನ ತಟ್ಟೆಗೆ ಮಾತ್ರ ಹೊತ್ತುಹೊತ್ತಿಗೆ ಹಳೇದು ತೆಗೆದು ಹೊಸ ದ್ರವ ಹಾಕಿದ್ದೀನಿ!”

ಮುಖ್ಯಸ್ಥೆ ಹಣೆ ಚಚ್ಚಿಕೊಂಡರು. ಆಮೇಲೆ ನಕ್ಕರು.

“ಅಯ್ಯೋ ತಾಯಿ! ವೈರಸ್ ಹೊಕ್ಕ ಕೋಶ ಪಕ್ಕದವಕ್ಕೆ ಎಚ್ಚರಿಕೆ ಕಳಿಸೋದು ಆ ದ್ರವದಲ್ಲೇ. ಆ ಸುದ್ದಿ ಮುಟ್ಟಿದ್ರೆ ತಾನೇ ಅವುಗಳೊಳಗೆ ಮಲಗಿರೋ ಜೀನ್‌ಗಳು ಎದ್ದು, ವೈರಸ್ ತಡೆಯೋ ಪ್ರೋಟೀನ್ ಮಾಡಿಸೋದು? ನೀವು ಸುದ್ದೀನೇ ತೊಳೆದು ಚೆಲ್ಲಿದ್ದೀರಿ.”

ತೊಟ್ಟಿಲಮ್ಮ ಈಗ ತಾನಾಗಿಯೇ ಕೂತಳು.

ಪರೀಕ್ಷೆ ಮತ್ತೆ ಮೊದಲಿನಿಂದ ನಡೆಯಿತು. ಈ ಸಲ ಆಕೆ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು; ಬಿಟ್ಟರೆ ಅವು ತಾವಾಗಿಯೇ ತೊಟ್ಟಿಲಿನತ್ತ ನಡೆದುಬಿಡುತ್ತಿದ್ದವು. ಕೊನೆಗೆ ಮುಖ್ಯಸ್ಥೆ ಪರದೆಯ ಮೇಲೆ ಮೊಮ್ಮಗಳ ಜೀನ್‌ಗಳ ಚಟುವಟಿಕೆ ಅಳೆದ ಗೆರೆಯೊಂದನ್ನು ತೋರಿಸಿದರು. ಗೆರೆ ಬೆಟ್ಟ ಹತ್ತಿ ಮತ್ತೆ ಇಳಿದಿತ್ತು.

“ನೋಡಿ, ಜೀನ್‌ಗಳು ಎದ್ದಿವೆ. ವೈರಸ್ ಅಡಗಿದ ಮೇಲೆ ಮಲಗಿಯೂ ಇವೆ. ಮಲಗದೆ ಎದ್ದೇ ಇದ್ರೂ ಮೈಗೆ ಕಷ್ಟವೇ. ನಿಮ್ಮ ಮೊಮ್ಮಗಳಲ್ಲಿ ಆ ದೋಷ ಇಲ್ಲ. ಇವು ಶಾಲೆಗೆ ಹೋಗೋ ಮಕ್ಕಳ ಮಾಮೂಲಿ ಜ್ವರಗಳು, ಬೆಳೀತಾ ಕಮ್ಮಿಯಾಗ್ತವೆ.”

ತೊಟ್ಟಿಲಮ್ಮ ಬಿಟ್ಟ ನಿಟ್ಟುಸಿರಿಗೆ ಮೇಜಿನ ಕಾಗದಗಳೆಲ್ಲ ಪಕ್ಕದ ಕೋಣೆ ಸೇರಿದವು.

ಮನೆಯಲ್ಲಿ ಕಥೆ ಕೇಳಿದ ಮೊಮ್ಮಗಳ ಕಣ್ಣು ಮಿನುಗಿತು. “ಅಜ್ಜೀ, ತೊಳೆದ್ರೆ ಸುದ್ದಿ ಹೋಗುತ್ತೆ ಅಲ್ವಾ? ಹಾಗಾದ್ರೆ ಇನ್ಮೇಲೆ ನಂಗೆ ಸ್ನಾನ ಬೇಡ!”

ತೊಟ್ಟಿಲಮ್ಮ ಟವೆಲನ್ನು ಹೆಗಲಿಗೇರಿಸಿದಳು. “ಆ ಮಾತುಕತೆಯೆಲ್ಲ ಚರ್ಮದ ಒಳಗೆ ಕಣೆ. ನಿನ್ನ ಕತ್ತಿನ ಕೊಳೆ ಇದುವರೆಗೆ ಯಾರಿಗೂ ಯಾವ ಸುದ್ದೀನೂ ಮುಟ್ಟಿಸಿಲ್ಲ. ನಡಿ ಬಚ್ಚಲಿಗೆ!”