ಡ್ರೈವಿಂಗ್ ಸ್ಕೂಲ್ ಕೆಂಪರಾಜನ ಬಗ್ಗಿ

ಲಿಂಗರಾಜಪುರದ ಕೆಂಪರಾಜ್ ಕಾರು ಕಲಿಸಿದವರೆಲ್ಲ ಒಂದೇ ದಿನ ರಸ್ತೆಗಿಳಿದರೆ ಹೆಣ್ಣೂರಿನಿಂದ ಶಿವಾಜಿನಗರದವರೆಗೆ ಯಾರೂ ಅಲುಗಾಡಲಾರರು. ಅವರೆಲ್ಲ ಇಳಿದೇ ಇದ್ದಾರೆ, ಅದಕ್ಕೇ ಯಾರೂ ಅಲುಗಾಡುತ್ತಿಲ್ಲ ಎಂಬುದು ಅವನ ಹೆಂಡತಿ ಸುಕನ್ಯಳ ಅಭಿಪ್ರಾಯ. ಕೆಂಪರಾಜನಿಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಪಾದದಡಿಯ ಎರಡನೇ ಬ್ರೇಕನ್ನು ತುಳಿದೂ ತುಳಿದೂ ಅವನ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ದಪ್ಪಗಾಗಿತ್ತು. ಪೈಲ್ವಾನರು ತೋಳು ತೋರಿಸುವ ಹಾಗೆ ಅವನು ಪ್ಯಾಂಟು ಮೇಲೆತ್ತಿ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ.

ಅವನ ಕೈಲಿ ಕಲಿಸಲಾಗದೆ ಉಳಿದವರು ಒಬ್ಬರೇ, ಫ್ರೇಜರ್ ಟೌನಿನ ಹಲ್ಲಿನ ಡಾಕ್ಟರು ಲುಬ್ನಾ. ಆಕೆ ಒಂದು ಕಾಂಪೌಂಡು ಗೋಡೆ, ಒಂದು ಎಳನೀರಿನ ಗಾಡಿ, ಕೊನೆಗೆ ನಿಂತಿದ್ದ ಪೊಲೀಸ್ ಜೀಪೊಂದರ ಮಡ್‌ಗಾರ್ಡು ಮುಗಿಸಿದ ಮೇಲೆ ಕೆಂಪರಾಜ್ ಕೈಮುಗಿದುಬಿಟ್ಟಿದ್ದ.

"ಮೇಡಂ, ನಿಮ್ ಕೈಗೆ ಸ್ಟೀರಿಂಗ್ ಬರಲ್ಲ. ಆರಾಮಾಗಿ ಮೆಟ್ರೋಲಿ ಓಡಾಡಿ. ಅಲ್ಲಿ ನಿಮಗೆ ಸ್ಟೀರಿಂಗ್ ಸಿಗೋದೇ ಇಲ್ಲ."

ಇದಾಗಿ ಕೆಲವು ವರ್ಷದ ಮೇಲೆ ಒಂದು ಭಾನುವಾರ ಅವನು ಹೊಸ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಕೆ.ಆರ್. ಪುರದಾಚೆ ಹೋಗಿದ್ದ. ಅಲ್ಲಿ ಎರಡು ಅಪಾರ್ಟ್‌ಮೆಂಟುಗಳ ನಡುವೆ ರಾಮಾಂಜಿನಪ್ಪನ ಖಾಲಿ ಹೊಲ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗ. ಈಗ ಊರಿನವರೆಲ್ಲ ಕಸ ತಂದು ಸುರಿಯುತ್ತಿದ್ದರು. ಜನ ಓಡಾಡುತ್ತಿದ್ದರೆ ಕಸದವರು ಬರುವುದಿಲ್ಲವೆಂದು ರಾಮಾಂಜಿನಪ್ಪ ಅದನ್ನು ರಿಮೋಟ್ ಕಾರಿನ ಹುಚ್ಚರಿಗೆ ಬಿಟ್ಟುಕೊಟ್ಟಿದ್ದ. ಅವರು ಮಣ್ಣಿನಲ್ಲಿ ತಿರುವು, ದಿಬ್ಬ ಎಲ್ಲ ಕಟ್ಟಿಕೊಂಡು, ಅಂಚಿಗೆ ಪೈಪು ಹಾಸಿ, ಅವನ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಸಾಲಾಗಿ ನಿಂತು, ಬಗ್ಗಿ ಎಂಬ ಮೊಳದುದ್ದದ ಆಟದ ಕಾರುಗಳನ್ನು ಕೆಳಗೆ ಧೂಳೆಬ್ಬಿಸಿ ಓಡಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ ಹಳದಿ ಬಗ್ಗಿ ಯಾರದೆಂದು ಕೆಂಪರಾಜ್ ತಲೆಯೆತ್ತಿ ನೋಡಿದ.

"ಅರೆ, ಕೆಂಪರಾಜ್ ಸಾರ್!" ಲುಬ್ನಾ ಟ್ರೇಲರ್ ಮೇಲಿಂದ ಕೂಗಿದಳು. "ನೋಡಿ, ಸ್ಟೀರಿಂಗ್ ಬಂತು!"

ಆ ವಾರವೇ ಕೆಂಪರಾಜನ ಮನೆಯ ಊಟದ ಮೇಜಿನ ಮೇಲೆ ಒಂದು ಕೆಂಪು ಬಗ್ಗಿ ಬಂದು ಕೂತಿತು.

ಮೊದಲ ಸಲ ಓಡಿಸಿದಾಗಲೇ ಅದು ಪೈಪಿಗೆ ಗುದ್ದಿ ಸರ್ವೋ ಹೋಯಿತು. ಸರ್ವೋ ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟಾರು. ಕೈಲಿರುವ ರಿಮೋಟಿನ ಚಕ್ರ ಎಷ್ಟು ತಿರುಗಿದರೆ ಅಷ್ಟೇ ಅಳತೆಗೆ ಬಗ್ಗಿಯ ಮುಂದಿನ ಗಾಲಿಗಳನ್ನು ತಿರುಗಿಸಿ ಹಿಡಿಯುವುದು ಅದರ ಕೆಲಸ. ಅದರೊಳಗಿನ ಪ್ಲಾಸ್ಟಿಕ್ ಹಲ್ಲುಗಳು ಪುಡಿಯಾಗಿದ್ದವು. ಕೆಂಪರಾಜ್ ಅಂಗಡಿಗೆ ಹೋಗಿ, "ನಿಮ್ಮಲ್ಲಿರೋದ್ರಲ್ಲೇ ಬಲವಾದದ್ದು ಕೊಡಿ" ಎಂದ. ಅಂಗಡಿಯವನು ನಲವತ್ತು ಕಿಲೋ ಬಲದ್ದೊಂದನ್ನು ತೋರಿಸಿ, "ಸಾರ್, ಇದು ಬಂಡೆ ಹತ್ತೋ ಗಾಡಿಗೆ" ಎಂದು ಗೊಣಗಿದ್ದು ಅವನ ಕಿವಿಗೆ ಬೀಳಲಿಲ್ಲ. ನಲವತ್ತು ಕಿಲೋ ಅಂದರೆ ನಲವತ್ತು ಕಿಲೋ. ಸುಕನ್ಯ ಕೂಡ ಅಷ್ಟು ಎತ್ತಲಾರಳು.

ಮುಂದಿನ ಭಾನುವಾರ ಟ್ರೇಲರ್ ಹತ್ತಿದ. ಬಗ್ಗಿ ತನ್ನಿಂದ ದೂರ ಹೋಗುವಾಗ ಎಲ್ಲ ಸರಿಯಿತ್ತು. ತನ್ನ ಕಡೆಗೆ ತಿರುಗಿ ಬರುವಾಗ ಎಡ ಬಲವಾಗಿ, ಬಲ ಎಡವಾಗಿ, ಗಾಬರಿಯಲ್ಲಿ ಕೆಂಪರಾಜ್ ಇಲ್ಲದ ಬ್ರೇಕನ್ನು ಬಲಗಾಲಿನಿಂದ ದಬದಬನೆ ತುಳಿದ. ಟ್ರೇಲರಿನ ಹಲಗೆ ಅದುರಿ ಪಕ್ಕದವರ ಬಗ್ಗಿಗಳೂ ದಾರಿ ತಪ್ಪಿದವು. ನೇರ ದಾರಿಯ ಕೊನೆಗೆ ಬಂದಾಗ ಅವನು ಚಕ್ರವನ್ನು ಜೋರಾಗಿ ತಿರುಗಿಸಿದ. ಬಗ್ಗಿ ಕೇಳಲಿಲ್ಲ. ಪೈಪನ್ನು ಹಾರಿತು, ಬೇಲಿಯಲ್ಲಿ ನುಸುಳಿತು, ರಾಮಾಂಜಿನಪ್ಪ ನೆರಳಿನಲ್ಲಿ ಕೂತು ಮುದ್ದೆ ಮುರಿಯುತ್ತಿದ್ದ ಕಡೆಗೆ ಹೋಗಿ, ಮಟನ್ ಸಾರಿನ ತಪ್ಪಲೆಯೊಳಗೆ ಮೂತಿಯಿಟ್ಟು ನಿಂತಿತು.

ರಾಮಾಂಜಿನಪ್ಪ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದ: "ಏನಪ್ಪಾ, ನಿನ್ ಗಾಡಿಗೆ ಕಣ್ಣಿಲ್ಲ, ಮೂಗು ಮಾತ್ರ ಚೆನ್ನಾಗೈತೆ."

ಜನ ನಕ್ಕ ನಗುವಿಗೆ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆಲ್ಲ ಜನ ಬಂದರು. ಕೆಂಪರಾಜ್ ಬಗ್ಗಿಯನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ಬಂದ. ಎಷ್ಟು ಒರೆಸಿದರೂ ವಾಸನೆ ಹೋಗಲಿಲ್ಲ. ಬೀದಿಯ ಬೆಕ್ಕುಗಳೆಲ್ಲ ಕಿಟಕಿಯಲ್ಲಿ ಸಾಲುಗಟ್ಟಿದಾಗ ಸುಕನ್ಯ, "ಆ ಡಾಕ್ಟರಮ್ಮನ್ನ ಹೋಗಿ ಕೇಳ್ತೀರೋ, ಇಲ್ಲ ನಾನು ಇದನ್ನ ಬೆಕ್ಕಿಗೆ ಹಾಕ್ಲೋ?" ಎಂದಳು.

ಕೇಳಿಕೊಂಡು ಹೋಗುವುದು ಮರ್ಯಾದೆಯಲ್ಲ. ಆದ್ದರಿಂದ ಕೆಂಪರಾಜ್ ಹಲ್ಲುನೋವೆಂದು ಸುಳ್ಳು ಹೇಳಿ ಅವಳ ಕ್ಲಿನಿಕ್ಕಿಗೆ ಹೋದ, ಬಗ್ಗಿಯನ್ನು ಚೀಲದಲ್ಲಿಟ್ಟುಕೊಂಡು. ಲುಬ್ನಾ ಅವನನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯಿ ತೆರೆಸಿ, ಬ್ಯಾಟರಿ ಬಿಟ್ಟು ನೋಡಿದರೆ ನಿಜವಾಗಿಯೂ ಒಂದು ದವಡೆಹಲ್ಲು ಹುಳುಕಾಗಿತ್ತು. ಅವನ ಬಾಯಿಗೆ ಹತ್ತಿ ತುಂಬಿ ಮಿಷನ್ ಹಿಡಿದು ಶುರುಮಾಡಿದಳು. ಹಾಗೇ ಪಾಠವನ್ನೂ ಶುರುಮಾಡಿದಳು.

"ಚೀಲದಲ್ಲಿ ಏನಿದೆ ಗೊತ್ತು ಸಾರ್, ಸಾರಿನ ವಾಸನೆ ಬರ್ತಿದೆ. ನಿಮ್ ಸರ್ವೋಗೆ ಶಕ್ತಿ ಇದೆ, ಅರ್ಜೆಂಟೇ ಇಲ್ಲ. ನೀವು ತಿರುಗು ಅಂದ್ರೆ ಅದು ಯೋಚ್ನೆ ಮಾಡಿ ತಿರುಗತ್ತೆ."

"ಊಂ! ಊಂ!" ಎಂದ ಕೆಂಪರಾಜ್.

"ಮಾತಾಡ್ಬೇಡಿ. ಅದು ಹೊಟ್ಟೆಬಾಕ ಬೇರೆ. ಜೋರಾಗಿ ತಿರುಗಿಸಿದ್ರೆ ಇರೋ ಕರೆಂಟೆಲ್ಲ ಅದೇ ಕುಡಿಯತ್ತೆ. ನಿಮ್ ರಿಮೋಟಿನ ಮಾತು ಕೇಳಿಸ್ಕೊಳ್ಳೋ ರಿಸೀವರ್‌ಗೆ ಏನೂ ಉಳಿಯಲ್ಲ, ಮೂರ್ಛೆ ಹೋಗತ್ತೆ. ಆಮೇಲೆ ಗಾಡಿ ಓಡ್ತಿದ್ದ ರಭಸಕ್ಕೆ ಹೋಗಿದ್ದೇ ದಾರಿ. ಅರ್ಧ ಬಲ ಸಾಕು ಸಾರ್, ಎರಡರಷ್ಟು ಸ್ಪೀಡಿರ್ಲಿ. ಹಲ್ಲು ಮಾತ್ರ ಮೆಟಲ್ದು."

ಕೊನೆಯ ಮಾತು ಸರ್ವೋಗೆ ಹೇಳಿದ್ದೋ ತನಗೋ ಎಂದು ಕೆಂಪರಾಜನಿಗೆ ತಿಳಿಯಲಿಲ್ಲ. ಜೀವಮಾನದಲ್ಲಿ ಅವನು ಅಷ್ಟು ಹೊತ್ತು ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು.

ಹೊಸ ಸರ್ವೋ ಚುರುಕಾಗಿತ್ತು; ಕೈ ಅಲುಗಿದರೆ ಗಾಲಿ ಅಲುಗುತ್ತಿತ್ತು. ಎಷ್ಟು ಚುರುಕೆಂದರೆ ಈಗ ಮೂತಿ ತಟ್ಟನೆ ತಿರುಗಿ, ಹಿಂಭಾಗ ಜಾರಿ, ಬಗ್ಗಿ ಪ್ರತಿ ತಿರುವಿನಲ್ಲೂ ಬುಗುರಿಯಾಗತೊಡಗಿತು. ಕೆಂಪರಾಜ್ ಮನೆಯಲ್ಲಿ ಕೂತು ಸ್ಪ್ರಿಂಗು, ಟೈರು, ಶಾಕ್ ಅಬ್ಸಾರ್ಬರಿನ ಎಣ್ಣೆ, ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಿದ. ಭಾನುವಾರ ನೋಡಿದರೆ ಬಗ್ಗಿ ತಿರುಗುವುದನ್ನೇ ಬಿಟ್ಟಿತ್ತು.

"ಯಾವುದರಿಂದ ಹೀಗಾಯ್ತು?" ಲುಬ್ನಾ ಕೇಳಿದಳು.

"ಗೊತ್ತಿಲ್ಲ."

"ಹೆಂಗೆ ಗೊತ್ತಾಗ್ಬೇಕು? ಎಲ್ಲಾ ಹಲ್ಲು ಒಟ್ಟಿಗೆ ಕಿತ್ರೆ ನೋವಿದ್ದದ್ದು ಯಾವುದಂತ ತಿಳಿಯತ್ತಾ?"

ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿಸಿದಳು. ಆಮೇಲೆ ಒಂದು ಬದಲಾವಣೆ, ಕೆಲವು ಸುತ್ತು. ಮತ್ತೊಂದು, ಮತ್ತೆ ಕೆಲವು ಸುತ್ತು. ಮೊದಲು ಗಾಲಿಗಳನ್ನು ಎಳೆದು ತಿರುಗಿಸುವ ಸರ್ವೋದ ತೋಳನ್ನು ಬಿಚ್ಚಿದರು. ಕೆಂಪರಾಜ್ ಅದನ್ನು ನಡುಮಧ್ಯ ನೋಡದೆ ಸಿಕ್ಕಿಸಿದ್ದರಿಂದ ಬಗ್ಗಿ ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ ತಿರುಗುತ್ತಿತ್ತು. ಆಮೇಲೆ ಗಾಲಿ ತಿರುಗುವ ಮಿತಿಯನ್ನು ರಿಮೋಟಿನಲ್ಲಿ ಸ್ವಲ್ಪ ಇಳಿಸಿದರು. ಹಿಂದಿನ ಸ್ಪ್ರಿಂಗ್ ಮಾತ್ರ ಮೆತ್ತನೆಯದು ಹಾಕಿದಾಗ ಹಿಂದಿನ ಗಾಲಿಗಳು ಆ ಸಡಿಲ ಮಣ್ಣನ್ನು ಕಚ್ಚಿ ಹಿಡಿದವು. ಬಗ್ಗಿ ದೂರದ ತಿರುವನ್ನು ದುಂಡಗೆ ಸುತ್ತಿ, ನೇರ ಅವನ ಎದುರಿಗೇ ಬಂತು. ಎಡ ಯಾವುದು ಬಲ ಯಾವುದು ಎಂದು ಕೇಳಿಕೊಳ್ಳಲು ಅವನು ಮರೆತೇಬಿಟ್ಟಿದ್ದ. ಅದು ಗೊತ್ತಾದಾಗ ಅವನು ಮುಖ ಆಚೆ ತಿರುಗಿಸಿ, ಧೂಳೆಂದು ಹೇಳಿ ಕೆಮ್ಮಿದ.

ಯುಗಾದಿ ಕಳೆದ ಮೇಲಿನ ದೊಡ್ಡ ರೇಸಿಗೆ ಟ್ರೇಲರ್ ತುಂಬ ಜನ. ನೆಲ ಒಣಗಿ ಧೂಳು ಎದ್ದು, ಗುದ್ದಾಡಿಕೊಂಡು ಒಂದೊಂದೇ ಬಗ್ಗಿ ಕೈ ಕಾಲು ಮುರಿದುಕೊಂಡು ಹೊರಬಿತ್ತು. ಕೆಂಪು ಬಗ್ಗಿ ಹಳದಿಯ ಬೆನ್ನಿಗೇ ಅಂಟಿಕೊಂಡು ಹೋಯಿತು. ಕೊನೆಯ ತಿರುವಿನಲ್ಲಿ ಲುಬ್ನಾ ಕೊಂಚ ಹೊರಗೆ ಸರಿದಳು. ಕೆಂಪರಾಜ್ ಒಳಗಿನಿಂದ ನುಗ್ಗಿದ. ಬಗ್ಗಿ ಎಲ್ಲೂ ಜಾರಲಿಲ್ಲ, ಹೇಳಿದ ಕಡೆಗೆ ಹೇಳಿದಷ್ಟೇ ತಿರುಗಿತು. ಆದರೆ ಲುಬ್ನಾ ಅಷ್ಟರಲ್ಲಿ ಮತ್ತೆ ಒಳಕ್ಕೆ ಬಂದು ದಾರಿ ಮುಚ್ಚಿಬಿಟ್ಟಳು.

"ಅನ್ಯಾಯ ಮೇಡಂ! ಇಂಡಿಕೇಟರ್ ಹಾಕ್ದೆ ತಿರುಗಿಸ್ತೀರಾ!"

"ಅದಕ್ಕೇ ನಂಗೆ ಲೈಸೆನ್ಸ್ ಕೊಡ್ಲಿಲ್ಲ ಸಾರ್!"

ಕೆಂಪರಾಜ್ ಬಗ್ಗಿಯ ಧೂಳನ್ನು ಅಂಗಿಯಲ್ಲೇ ಒರೆಸುತ್ತಿದ್ದಾಗ ಸುಕನ್ಯಳ ಫೋನು ಬಂತು.

"ಏನಾಯ್ತ್ರೀ?"

"ಎರಡನೇ ಸ್ಥಾನ ಕಣೇ!"

"ಹೌದಾ! ಎಷ್ಟು ಜನ ಓಡಿಸಿ ಮುಗಿಸಿದ್ರು?"

ಕೆಂಪರಾಜ್ ಸುತ್ತ ನೋಡಿದ. ಗೆರೆ ದಾಟಿದ್ದು ತಾವಿಬ್ಬರೇ. ಮಿಕ್ಕವರು ಸ್ಕ್ರೂಡ್ರೈವರ್ ಹಿಡಿದು ನೆಲದಲ್ಲಿ ಕೂತಿದ್ದರು.

"ಇಲ್ಲಿ ಸಿಗ್ನಲ್ ಸರಿಯಿಲ್ಲ," ಎಂದು ಅವನು ಫೋನಿಟ್ಟ.